ಲಟ್ಟಣಿಗೆಯ ಗುರುತು

ಕಿಟಕಿ ಎಲ್ಲಿ ಬರಬೇಕೆಂದು ಮೇಸ್ತ್ರಿ ಮಲ್ಲಯ್ಯ ಹಿತ್ತಲಿನಿಂದ ಕೂಗಿ ಕೇಳುತ್ತಿದ್ದ. ಮಡಿಯ ಅಡುಗೆಮನೆಗೆ ಅವನು ಬರುವಂತಿಲ್ಲ. ಗೋದಾವರಿ ಒಳಗಿನಿಂದ ಗೋಡೆ ಬಡಿಯಬೇಕು, ಸದ್ದು ಬಂದಲ್ಲಿ ಅವನು ಹೊರಗೆ ಸುಣ್ಣದ ಗುರುತು ಹಾಕಬೇಕು. ಅವಳು ಲಟ್ಟಣಿಗೆ ಹಿಡಿದು ಗೋಡೆಯುದ್ದಕ್ಕೂ ಜಾಗ ಹುಡುಕುತ್ತಿದ್ದಳು.

"ತಡಿ," ಎಂದ ಗಂಡ ಜಯತೀರ್ಥ, ಅಡುಗೆಮನೆಯ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತು. "ಮುನಸಿಪಾಲ್ಟಿ ಪರ್ಮಿಶನ್ ಇಲ್ಲದs ಗ್ವಾಡಿ ಮುಟ್ಟಬಾರದು." ತಾರ್ನಾಕ ಬಡಾವಣೆಯ ಈ ಮನೆಗೆ ಬಂದಾಗಿನಿಂದ, ಅವಳು ಕಿಟಕಿ ಕೇಳಿದಾಗಲೆಲ್ಲ ಸಿಕ್ಕಿದ್ದು ಇದೇ ಮಾತು. ಇವತ್ತು ಮೇಸ್ತ್ರಿಯನ್ನು ಅವಳೇ ಕರೆಸಿದ್ದಳು.

ಹಿತ್ತಲ ಕಾಂಪೌಂಡು ಗೋಡೆಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಸುಬ್ಬರಾಯರು ನಕ್ಕರು. ಅವರು ಅದೇ ಮುನಸಿಪಾಲ್ಟಿ ಆಫೀಸಿನಲ್ಲಿ ಮನೆಗಳ ನಕ್ಷೆ ಪರಿಶೀಲಿಸುವ ಕೆಲಸದಿಂದ ನಿವೃತ್ತರಾದವರು. "ಜಯತೀರ್ಥರs, ನಿಮ್ಮ ಹಿತ್ತಲಕ್ಕ ತೆರೆಯೋ ಕಿಟಕಿಗೆ ಯಾತರ ಪರ್ಮಿಶನ್ರೀ? ನಮ್ಮನಿ ಕಡೆ ತೆರದಿದ್ರ ನಾನs ತಕರಾರು ಮಾಡ್ತಿದ್ದೆ."

ಜಯತೀರ್ಥ ಸೂರಿನ ಕಡೆ ಕೈ ತೋರಿಸಿ, "ಹಂಗಿದ್ರ ಮ್ಯಾಲೆ, ಸೂರಿನ ಹತ್ರ ಸಣ್ಣದು ಇಡಸು. ಹೊಗಿ ಹೋದ್ರ ಸಾಕಲ್ಲ," ಎಂದ. ಗೋದಾವರಿ ಸ್ಟೂಲು ಹತ್ತಿ ಲಟ್ಟಣಿಗೆಯನ್ನು ಸೂರಿನವರೆಗೆ ಎತ್ತಿದಳು. ಹೊಗೆಗೆ ಅಷ್ಟು ಸಾಕಿತ್ತು. ಅವಳು ಬಡಿಯದೆ ಕೆಳಗಿಳಿದಳು. ಮಸಿ ಹಿಡಿದ ಗೋಡೆಗೆ ಹಣೆ ತಾಗುವಷ್ಟು ಹತ್ತಿರ ನಿಂತು, ತನ್ನ ಕಣ್ಣಿನ ಎದುರಿಗೇ ಬಡಿದಳು.

"ಇಷ್ಟು ಕೆಳಗಾ, ಅಮ್ಮಾ?" ಎಂದು ಮಲ್ಲಯ್ಯ ಹೊರಗಿನಿಂದ ಕೇಳಿದ. ಗಂಡನ ಕಡೆ ತಿರುಗದೆ ಅವಳು ಅದೇ ಜಾಗದಲ್ಲಿ ಮತ್ತೆ ಬಡಿದಳು.