ಅಣ್ಣನಿಗೊಂದು ಪವರ್ ಸಪ್ಲೈ

"ಇದೇ ಸಾಕು, ಕಟ್ಟಿಕೊಡಿ," ಎಂದು ತಂಗಿ ಅಂಗೈಯಗಲದ ಡಬ್ಬಿಯೊಂದನ್ನು ಅಂಗಡಿಯವನತ್ತ ಸರಿಸಿದಳು. ಮನೆಯ ಕರೆಂಟನ್ನು ಇಳಿಸಿ ಪುಟ್ಟ ಸರ್ಕ್ಯೂಟುಗಳಿಗೆ ಬೇಕಾದಷ್ಟೇ ಕೊಡುವ ಪವರ್ ಸಪ್ಲೈಗಳಲ್ಲಿ ಅದೇ ಎಲ್ಲಕ್ಕಿಂತ ಅಗ್ಗ.

ಅಣ್ಣ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಕಾಯಿಲೆ ಬಿದ್ದೆದ್ದ ಮೇಲೆ ಕೈ ನಡುಗತೊಡಗಿ, ರೇಡಿಯೊ ಕಟ್ಟುವ ಹುಚ್ಚನ್ನೇ ಅವನು ಬಿಟ್ಟುಬಿಟ್ಟಿದ್ದ. "ನನ್ನ ಕೈಲಿ ಇನ್ನೇನಾಗುತ್ತೆ? ದುಡ್ಡು ದಂಡ," ಎಂದು ದಾರಿಯುದ್ದಕ್ಕೂ ಗೊಣಗಿದ್ದ. ತಂಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಅಂಗಡಿಯವನು ಡಬ್ಬಿ ಎತ್ತಿಕೊಂಡ. ಅಣ್ಣನಿಗೆ ತಡೆಯಲಾಗಲಿಲ್ಲ.

"ತಡೀರಿ. ಕರೆಂಟಿಗೆ ಮಿತಿ ಹಾಕೋ ಗುಂಡಿ ಎಲ್ಲಿದೆ?"

"ಇದರಲ್ಲಿ ಬರಲ್ಲ ಸಾರ್. ಅದು ಬೇಕಂದ್ರೆ ಆ ಮೇಲಿನದು. ಸ್ವಲ್ಪ ದುಬಾರಿ."

"ಹಾಗಾದ್ರೆ ಇದು ಬೇಡ. ಒಂದು ವೈರ್ ತಪ್ಪಿ ತಾಗಿದ್ರೆ ಪಾರ್ಟೆಲ್ಲ ಕರಕಲಾಗುತ್ತೆ. ನನ್ನ ಕೈಲಂತೂ ತಾಗೇ ತಾಗುತ್ತೆ."

ಮೇಲಿನದರ ಬೆಲೆ ಓದಿ ತಂಗಿಯ ಹುಬ್ಬು ಮೇಲೇರಿತು. "ಚಿಕ್ಕವರಿದ್ದಾಗ ನಮಗೆಲ್ಲಿತ್ತೋ ಇದೆಲ್ಲ? ಅಪ್ಪನ ಟಾರ್ಚಿನ ಸೆಲ್ಲೇ ಗತಿ!"

ಅಣ್ಣನಿಗೆ ಹಳೆಯ ಮನೆಯ ಅಟ್ಟ ಕಣ್ಣಿಗೆ ಕಟ್ಟಿತು. ಕದ್ದು ತಂದ ಸೆಲ್ಲುಗಳ ಸಾಲು, ಎರಡೂ ತುದಿಗೆ ವೈರನ್ನು ಒತ್ತಿ ಹಿಡಿದ ತಂಗಿಯ ಪುಟ್ಟ ಹೆಬ್ಬೆರಳುಗಳು. "ಬಿಡಬೇಡ ಕಣೇ, ಹಾಡು ನಿಂತುಹೋಗುತ್ತೆ!" ಎನ್ನುತ್ತಿದ್ದ ಅವನು. ಬೆರಳು ಮರಗಟ್ಟಿದರೂ ಅವಳು ಬಿಡುತ್ತಿರಲಿಲ್ಲ. ಕೆಳಗೆ ಅಪ್ಪ "ನನ್ನ ಟಾರ್ಚಿಗೆ ಯಾರು ಕೈ ಹಾಕಿದ್ದು?" ಎಂದು ಗುಡುಗಿದರೆ, ಇಬ್ಬರೂ ತುಟಿ ಕಚ್ಚಿಕೊಂಡು ನಗು ನುಂಗುತ್ತಿದ್ದರು.

ಇವರ ಮುಖ ನೋಡಿ ಅಂಗಡಿಯವನಿಗೆ ಏನನ್ನಿಸಿತೋ, ಒಳಗಿನಿಂದ ಭಾರದ್ದೊಂದು ಪೆಟ್ಟಿಗೆ ಹೊತ್ತು ತಂದ. "ಯಾವುದೋ ಕಾಲೇಜಿನ ಲ್ಯಾಬಿನದು ಸಾರ್. ಬಣ್ಣ ಹೋಗಿದೆ, ಕೆಲಸಕ್ಕೆ ಮೋಸವಿಲ್ಲ. ನೀವು ಕೇಳಿದ ಗುಂಡಿಯೂ ಇದೆ. ಆ ಚಿಕ್ಕದರ ಬೆಲೆಗೇ ಕೊಡ್ತೀನಿ."

ಮುಳ್ಳಿನ ಮೀಟರು. ವೋಲ್ಟೇಜಿಗೆ ಎರಡು ಗುಂಡಿ: ಒಂದು ದೊಡ್ಡ ಹೆಜ್ಜೆಗೆ, ಇನ್ನೊಂದು ಕೂದಲೆಳೆಯಷ್ಟು ಸರಿಸುವುದಕ್ಕೆ. ಅಂಗಡಿಯವನು ಅದರ ವೈರಿನ ತುದಿಗೊಂದು ಪುಟ್ಟ ಬಲ್ಬು ಸಿಕ್ಕಿಸಿ, ದೊಡ್ಡ ಗುಂಡಿಯನ್ನು ತುಸು ತಿರುಗಿಸಿಕೊಟ್ಟ. ಅಣ್ಣ ಸ್ಟೂಲು ಹತ್ತಿರಕ್ಕೆಳೆದು ಸಣ್ಣ ಗುಂಡಿ ಹಿಡಿದು ತಿರುಗಿಸಿದ. ಬಲ್ಬಿನ ತಂತಿ ಮೊದಲು ಕೆಂಪಾಯಿತು, ನಿಧಾನವಾಗಿ ಹಳದಿಯಾಯಿತು.

"ಇದನ್ನೇ ತಗೊಳ್ಳೋಣ ಕಣೇ," ಎಂದ, ಕಣ್ಣು ಕೀಳದೆ.

"ಆಫ್ ಮಾಡಿ ಕಟ್ಟಿಕೊಡ್ಲಾ ಸಾರ್?"

"ಸ್ವಲ್ಪ ಇರಲಿ."

ಗುಂಡಿಯ ಮೇಲಿದ್ದ ಅವನ ಕೈ ನಡುಗುತ್ತಲೇ ಇತ್ತು. ಮೀಟರಿನ ಮುಳ್ಳು ಮಾತ್ರ ಅಲುಗಲಿಲ್ಲ.