ಹೆಬ್ಬಾರರ ಹೊಸ ಪಾಸ್‌ವರ್ಡ್

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಆಮೇಲೆ ನಿಮ್ಮ ಮನೆಯ ವೈಫೈ ಡಬ್ಬಿಯ ಕಡೆ ಒಮ್ಮೆ ನೋಡಿ.

ಉಡುಪಿಯ ಹತ್ತಿರ ವಾಸುದೇವ ಹೆಬ್ಬಾರ್ ಎಂಬ ಹಾರ್ಡ್‌ವೇರ್ ಅಂಗಡಿ ಯಜಮಾನರು. ಪಕ್ಕದ ತಗ್ಗಿನ ಮನೆಯಲ್ಲಿ ಫೆಲ್ಸಿ ಬಾಯಿ ಒಬ್ಬರೇ. ಗಂಡ ಲ್ಯಾನ್ಸಿ ಕುವೈತಿನಲ್ಲಿ ಡ್ರೈವರ್.

ಆ ತಗ್ಗಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಹೆಬ್ಬಾರರ ವೈಫೈಗೆ ಪಾಸ್‌ವರ್ಡ್ ಇರಲಿಲ್ಲ... ಅದರಲ್ಲೇ ಗಂಡ ಹೆಂಡತಿ ದಿನಾ ಬೆಳಿಗ್ಗೆ ಮುಖ ನೋಡಿ ಮಾತಾಡುತ್ತಿದ್ದರು.

ಬೇಸಿಗೆಯಲ್ಲಿ ಹೆಬ್ಬಾರರ ಬಾವಿ ಬತ್ತುತ್ತದೆ. ಆಗ ಅವರ ಟ್ಯಾಂಕಿಗೆ ಫೆಲ್ಸಿ ಬಾಯಿಯ ಬಾವಿಯಿಂದಲೇ ನೀರು. ಹನ್ನೊಂದು ವರ್ಷದಿಂದ! ಅದು ಮಾತ್ರ ನಮ್ಮ ಹೆಬ್ಬಾರರಿಗೆ ನೆನಪಿಗೇ ಬರಲಿಲ್ಲ ನೋಡಿ.

ಈ ಬೇಸಿಗೆಯ ಒಂದು ಭಾನುವಾರ ಅಳಿಯ ಬಂದ.

"ಎಂತ ಮಾವ, ವೈಫೈ ಓಪನ್ ಇಟ್ಟಿದ್ದೀರಿ? ಯಾರಾದ್ರೂ ಎಂತಾದ್ರೂ ಮಾಡಿದ್ರೆ ಪೊಲೀಸ್ ಬರೋದು ನಿಮ್ಮ ಮನೆಗೆ!"

ರೂಟರಿನ ಸೆಟ್ಟಿಂಗ್ಸ್ ತೆರೆದ. ಎನ್‌ಕ್ರಿಪ್ಶನ್, ಅಂದರೆ ವೈಫೈಗೆ ಬೀಗ, ಆನ್ ಮಾಡಲು ಹೊರಟ. ಕನೆಕ್ಟ್ ಆದ ಫೋನುಗಳ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಿತ್ತು... ಫೆಲ್ಸಿ.

ಹೆಬ್ಬಾರರಿಗೆ ಮೈಯೆಲ್ಲ ಉರಿಯಿತು. "ಪಾಸ್‌ವರ್ಡ್ ನಾನೇ ಹೇಳ್ತೇನೆ, ಟೈಪ್ ಮಾಡು" ಎಂದರು.

ಇಂಗ್ಲಿಷ್ ಅಕ್ಷರದಲ್ಲಿ "ಬಿಟ್ಟಿಯವರಿಗಿಲ್ಲ" ಎಂದು ಹಾಕಿ ಮಾವ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆಯೇ ಫೆಲ್ಸಿ ಬಾಯಿ ಬಾಗಿಲಿಗೆ ಬಂದರು.

"ಹೆಬ್ಬಾರ್ರೇ, ನೆಟ್ ಬರೋದಿಲ್ಲ ಮಾರಾಯ್ರೆ. ನಾಳೆ ಒಂದು ದಿನ ಮಾತ್ರ ಕೊಡಿ. ಇವರಿಗೆ ನಾಳೆ..."

"ಇವತ್ತು ನಾಳೆ ಅಂತೀರಿ, ನಾಳೆ ನಾಡಿದ್ದು ಅಂತೀರಿ. ಸ್ವಂತಕ್ಕೆ ಹಾಕಿಸಿಕೊಳ್ಳಿ ಬಾಯಮ್ಮ!"

ಬಾಗಿಲು ಹಾಕಿದರು. ಮಾತು ಮುಗಿಸಲೂ ಬಿಡಲಿಲ್ಲ ಪುಣ್ಯಾತ್ಮ.

ಮರುದಿನ ಕುವೈತಿನ ಆಸ್ಪತ್ರೆಯಲ್ಲಿ ಲ್ಯಾನ್ಸಿಗೆ ಹೃದಯದ ಆಪರೇಷನ್. ಒಂಬತ್ತಕ್ಕೆ ಎಂದಿದ್ದವರು ಏಳಕ್ಕೇ ಒಳಗೆ ಕರೆದುಕೊಂಡರು.

ಫೆಲ್ಸಿ ಬಾಯಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಬಸ್‌ಸ್ಟಾಪ್ ತಲುಪಿದಾಗ ಲ್ಯಾನ್ಸಿಯ ಆರು ಮಿಸ್ಡ್ ಕಾಲ್... ತಿರುಗಿ ಮಾಡಿದರೆ ಎತ್ತುವವರಿಲ್ಲ.

ಲ್ಯಾನ್ಸಿ ಆಪರೇಷನ್ ಟೇಬಲ್‌ನಿಂದ ಏಳಲೇ ಇಲ್ಲ.

ಸುದ್ದಿ ಕೇಳಿ ಹೆಬ್ಬಾರರು ಓಡಿ ಹೋದರು. ಅಂಗಳದಲ್ಲಿ ಊರೇ ಸೇರಿತ್ತು. ಫೆಲ್ಸಿ ಬಾಯಿ ಫೋನ್ ಹಿಡಿದು ಎದ್ದರು.

"ಬಂದ್ರಾ ಹೆಬ್ಬಾರ್ರೇ? ಅಲ್ಲಿಯವರು ಒಮ್ಮೆ ಮುಖ ತೋರಿಸ್ತಾರಂತೆ. ಪಾಸ್‌ವರ್ಡ್ ಹೇಳಿ..."

ಬದಲಾಯಿಸೋಣವೆಂದರೆ ಹೆಬ್ಬಾರರಿಗೆ ಬರುವುದಿಲ್ಲ. ಅಳಿಯ ಊರಿಗೆ ಹೋಗಿಯಾಗಿತ್ತು.

"ಬಿ... ಐ... ಟಿ... ಟಿ... ಐ..."

ಫೆಲ್ಸಿ ಬಾಯಿಯ ಬೆರಳು ನಿಂತಿತು. ತಲೆಯೆತ್ತಿ ಒಮ್ಮೆ ನೋಡಿದರು.

"ಮುಂದೆ ಹೇಳಿ" ಎಂದರು.

ಹೆಬ್ಬಾರರು ಕೊನೆಯ ಅಕ್ಷರದ ತನಕ ಹೇಳಲೇಬೇಕಾಯಿತು, ಅಷ್ಟೂ ಜನರ ಎದುರು.

ಫೋನಿನಲ್ಲಿ ಲ್ಯಾನ್ಸಿಯ ಮುಖ ಬಂತು. ಕಣ್ಣು ಮುಚ್ಚಿತ್ತು.

ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು ಫೆಲ್ಸಿ ಬಾಯಿ ಹೇಳಿದರು... "ಬೆಳಿಗ್ಗೆ ಪಂಪ್ ಹಾಕಿ ಹೋಗಿದ್ದೆ. ನಿಮ್ಮ ಟ್ಯಾಂಕ್ ತುಂಬಿತಾ ನೋಡಿ."

*ವೈಫೈಗೆ ಬೀಗ ಹಾಕಿ, ಹಾಕಲೇಬೇಕು... ಆದರೆ ಎದುರಿಗೆ ನಿಂತವರ ಮಾತು ಮುಗಿಯುವ ಮೊದಲು ಬಾಗಿಲು ಹಾಕಬೇಡಿ.*

ಯಾರ ಬಾವಿಯ ನೀರು ಕುಡಿಯುತ್ತಾ ಯಾರನ್ನು ಬಿಟ್ಟಿಯವರು ಎನ್ನುತ್ತಿದ್ದೀರಿ... ಒಮ್ಮೆ ಯೋಚಿಸುತ್ತೀರಾ?