ಗೋಡೆಗೆ ಬಣ್ಣ

ಕಂಪನಿಯ ಸೇವಾ ದಿನಕ್ಕೆಂದು ಇಡೀ ತಂಡ ಹಸಿರು ಟೀ ಶರ್ಟ್ ತೊಟ್ಟು ಸರ್ಕಾರಿ ಶಾಲೆಗೆ ಬಣ್ಣ ಬಳಿಯಲು ಬಂದಿತ್ತು. ಹೆಡ್‌ಮಾಸ್ಟರು ತೋರಿಸಿದ ಉದ್ದನೆಯ ಗೋಡೆಯ ಮೇಲೆ ಮಧ್ಯಾಹ್ನದೊಳಗೆ ಚಿಟ್ಟೆ, ಕಾಮನಬಿಲ್ಲು, ಅ ಆ ಇ ಈ ಎಲ್ಲ ಮೂಡಿದವು. ತಂಡದ ಮುಖ್ಯಸ್ಥೆ ಇಂಚರಾಳಿಗೆ ಕಣ್ಣು ತುಂಬಿ ಬಂತು. ಇನ್ನು ಮಕ್ಕಳ ಜೊತೆ ಒಂದು ಫೋಟೊ ತೆಗೆದು ಮೇಲಿನವರಿಗೆ ಕಳಿಸಿಬಿಟ್ಟರೆ ಈ ಸಲದ ಬಡ್ತಿ ಎಲ್ಲಿಗೂ ಹೋಗುವುದಿಲ್ಲ.

"ಮಕ್ಕಳನ್ನ ಸ್ವಲ್ಪ ಹೊರಗೆ ಕಳಿಸ್ತೀರಾ ಸರ್?"

"ಪಾಠ ನಡೀತಿದೆ ಮೇಡಂ," ಎಂದರು ಹೆಡ್‌ಮಾಸ್ಟರು.

"ಹಾಗಾದ್ರೆ ನಾನೇ ಒಳಗೆ ಹೋಗ್ತೀನಿ."

ಬಾಗಿಲು ಹುಡುಕುತ್ತ ಅವಳು ಗೋಡೆಯ ಕೊನೆಯವರೆಗೂ ನಡೆದು ಆ ಬದಿಗೆ ಇಣುಕಿದಳು. ಅಲ್ಲಿ ಬರೀ ಬಯಲು. ಎಮ್ಮೆಯೊಂದು ಹಾಯಾಗಿ ಮೇಯುತ್ತಿತ್ತು.

"ಶಾಲೆ ಎಲ್ಲಿ ಸರ್?"

"ಹಿಂದಿನ ಬೀದೀಲಿ. ವಾರಕ್ಕೊಂದು ಕಂಪನಿ ಬಂದು ಬಣ್ಣ ಬಳೀತಾ ಇದ್ರೆ ಮಕ್ಕಳು ಎಲ್ಲಿ ಕೂತ್ಕೋಬೇಕು ಹೇಳಿ?"

"ಮತ್ತೆ ಈ ಗೋಡೆ?"

"ನಿಮ್ಮ ಕಂಪನಿಯವರೇ ಕಟ್ಟಿಸಿಕೊಟ್ಟಿದ್ದು ಮೇಡಂ. ಹೋದ ವರ್ಷ ಬಂದಾಗ ಶಾಲೆಗೆ ಏನು ಬೇಕು ಅಂತ ಕೇಳಿದ್ರಲ್ಲ, ಇದನ್ನೇ ಕೇಳಿದ್ವಿ."